ಹೂವಿನ ಕಣಿವೆಗೆ ಹೊರಟಿರಾ? ತಲೆನೋವನ್ನು ಮುಚ್ಚಿಡಬೇಡಿ

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪತ್ನಿಯೊಡನೆ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮೇಷ್ಟ್ರಿಗೆ ಅರವತ್ತಮೂರು ವರ್ಷ. ವಾರಕ್ಕೆ ಮೂರು ದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯುವವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ರಕ್ತದೊತ್ತಡ, ಸಕ್ಕರೆ ಯಾವುದೂ ಇಲ್ಲ. ಅವರ ಪತ್ನಿಗೆ ಮಂಡಿನೋವು. ಮೂರನೇ ಮಹಡಿ ಹತ್ತಬೇಕೆಂದರೆ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಾರೆ.

ಇಬ್ಬರೂ ಹಿಮಾಲಯದ ಹೂವಿನ ಕಣಿವೆಗೆ ಹೋಗಿ ಬಂದಿದ್ದರು. ಅಲ್ಲಿ ಕಾಯಿಲೆ ಬಿದ್ದವರು ಮೇಷ್ಟ್ರು. ಘಾಂಘರಿಯಾ ಎಂಬ ಹಳ್ಳಿಯಲ್ಲಿ ತಂಗಿದ ರಾತ್ರಿ ಅವರಿಗೆ ತಲೆನೋವು ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಊಟ ಸೇರಲಿಲ್ಲ, ಅದನ್ನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಇನ್ನೂ ಎತ್ತರದ ಹೇಮಕುಂಡಕ್ಕೆ ನಡೆಯತೊಡಗಿದರು. ಅರ್ಧ ದಾರಿಯಲ್ಲಿ ವಾಂತಿಯಾಯಿತು. ಕಾಲು ಇಟ್ಟ ಕಡೆ ನಿಲ್ಲಲಿಲ್ಲ. ಹೇಸರಗತ್ತೆ ಹೊಡೆದುಕೊಂಡು ಬರುತ್ತಿದ್ದ ಸ್ಥಳೀಯ ಯುವಕನೊಬ್ಬ ಇವರ ತೂರಾಟ ನೋಡಿ, ಮೇಲೆ ಹೋಗಬೇಡಿ, ಈಗಲೇ ಇಳಿಸಿ ಎಂದು ಪಟ್ಟುಹಿಡಿದನಂತೆ. ಅಂದೇ ಅವರನ್ನು ಡೋಲಿಯಲ್ಲಿ ಹೊತ್ತು ಗೋವಿಂದಘಾಟ್‌ವರೆಗೆ ಇಳಿಸಿದರು. ಕೆಳಗೆ ಬಂದು ಒಂದು ರಾತ್ರಿ ಕಳೆಯುವಷ್ಟರಲ್ಲಿ ಮೇಷ್ಟ್ರು ಮೊದಲಿನಂತಾಗಿದ್ದರು.

ನನ್ನೆದುರು ಕುಳಿತ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಸಾವಿರ ಮೆಟ್ಟಿಲು ಹತ್ತುವ ನನಗೆ ಯಾಕೆ ಹೀಗಾಯ್ತು ಡಾಕ್ಟ್ರೇ? ಇವಳಿಗೆ ಏನೂ ಆಗಲಿಲ್ಲವಲ್ಲ!"

ಈ ವರ್ಷ ಹೂವಿನ ಕಣಿವೆಗೆ ಹೊರಡುವ ಆಲೋಚನೆ ನಿಮಗೂ ಇದ್ದರೆ, ಟಿಕೆಟ್ ಕೊಳ್ಳುವ ಮೊದಲೇ ಈ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳುವುದು ಒಳ್ಳೆಯದು.

ಎಲ್ಲಿದೆ ಈ ಕಣಿವೆ?

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಬದರೀನಾಥಕ್ಕೆ ಹೋಗುವ ದಾರಿಯಿಂದ ಒಳಕ್ಕೆ ಸರಿದು ಇರುವ ಕಣಿವೆ ಇದು. 1931ರಲ್ಲಿ ಕಾಮೆಟ್ ಶಿಖರವನ್ನು ಏರಿ ಹಿಂದಿರುಗುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಮತ್ತು ಸಂಗಡಿಗರು ಇಲ್ಲಿಗೆ ಬಂದರು. ಸ್ಮೈಥ್ 1937ರಲ್ಲಿ ಮತ್ತೆ ಬಂದು, ಮರುವರ್ಷ ಈ ಕಣಿವೆಯ ಬಗ್ಗೆ ಪುಸ್ತಕವನ್ನೇ ಬರೆದ. ಅದರಿಂದ ಕಣಿವೆಯ ಹೆಸರು ಹೊರಜಗತ್ತಿಗೆ ತಿಳಿಯಿತು. ಅಲ್ಲಿನ ಕುರಿಗಾಹಿಗಳಿಗೆ ಅದು ಮೊದಲಿನಿಂದಲೂ ಗೊತ್ತಿದ್ದ ಜಾಗವೇ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಕಣಿವೆ ತೆರೆದಿರುತ್ತದೆ. ನಮ್ಮ ಕಡೆ ಬೇಸಿಗೆ ಮುಗಿದು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅಲ್ಲಿ ಹಿಮ ಕರಗಿ ಬೇಸಿಗೆ ಆರಂಭವಾಗುತ್ತದೆ. ಮೊಳೆತು, ಹೂಬಿಟ್ಟು, ಬೀಜ ಕಟ್ಟುವ ಕೆಲಸವನ್ನೆಲ್ಲ ಗಿಡಗಳು ಆ ಮೂರ್ನಾಲ್ಕು ತಿಂಗಳಲ್ಲೇ ಮುಗಿಸಬೇಕು. ಹಾಗಾಗಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಇಡೀ ಕಣಿವೆ ಒಟ್ಟಿಗೇ ಅರಳುತ್ತದೆ. ಸ್ವಾತಂತ್ರ್ಯ ದಿನದ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ನಮ್ಮ ಕುಟುಂಬಗಳು ಓಡುವುದೂ ಆಗಲೇ. ಈ ಓಟದಲ್ಲೇ ತೊಂದರೆಯ ಮೂಲ ಇರುವುದು.

ಎತ್ತರದ ಲೆಕ್ಕ ನೋಡಿ. ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಈ ಪ್ರವಾಸದಲ್ಲಿ ರಾತ್ರಿ ತಂಗಲು ಸಿಗುವ ಜೋಶಿಮಠ (ಈಗಿನ ಹೆಸರು ಜ್ಯೋತಿರ್ಮಠ) ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಅಂದರೆ ನಮ್ಮ ಬೆಟ್ಟ ಮುಗಿಯುವಲ್ಲಿ ಅವರ ದಾರಿ ಶುರು. ವಾಹನ ಬಿಟ್ಟು ನಡೆದು ಸೇರುವ ಘಾಂಘರಿಯಾ ಸುಮಾರು 3,050 ಮೀಟರ್. ಹೂವಿನ ಕಣಿವೆಯ ಹಾದಿ ಅದಕ್ಕಿಂತ ಮೂರ್ನಾಲ್ಕು ನೂರು ಮೀಟರ್ ಮೇಲೆ. ಅಲ್ಲಿಂದಲೇ ಕವಲೊಡೆಯುವ ಇನ್ನೊಂದು ಹಾದಿ ಸಿಖ್ಖರ ಪವಿತ್ರ ಕ್ಷೇತ್ರವಾದ ಹೇಮಕುಂಡಕ್ಕೆ ಹೋಗುತ್ತದೆ. ಅದು 4,300 ಮೀಟರ್‌ಗೂ ಮಿಗಿಲು. ಆರು ಕಿಲೋಮೀಟರ್ ನಡಿಗೆಯಲ್ಲಿ 1,200 ಮೀಟರ್‌ಗಿಂತ ಹೆಚ್ಚು ಏರಿಕೆ!

ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ?

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಮೈಸೂರಿರಲಿ, ಹೇಮಕುಂಡವಿರಲಿ, ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ ಇಪ್ಪತ್ತೊಂದೇ. ಆದರೆ ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಗಾಳಿ ತೆಳುವಾಗುತ್ತದೆ. ಸಮುದ್ರತೀರದಲ್ಲಿ ಒಂದು ಉಸಿರಿಗೆ ನೂರು ಪಾಲು ಆಮ್ಲಜನಕ ಸಿಗುತ್ತದೆ ಎಂದಿಟ್ಟುಕೊಳ್ಳಿ. ಘಾಂಘರಿಯಾದಲ್ಲಿ ಅದು ಸುಮಾರು ಎಪ್ಪತ್ತಕ್ಕೆ ಇಳಿಯುತ್ತದೆ. ಹೇಮಕುಂಡದಲ್ಲಿ ಅರವತ್ತು.

ದೇಹ ಇದಕ್ಕೆ ಹೊಂದಿಕೊಳ್ಳುವುದಿಲ್ಲವೇ? ಖಂಡಿತ ಹೊಂದಿಕೊಳ್ಳುತ್ತದೆ. ಉಸಿರಾಟ ಆಳವಾಗುತ್ತದೆ, ನಾಡಿ ಚುರುಕಾಗುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ. ದಿನಗಳು ಕಳೆದಂತೆ ರಕ್ತವೂ ಬದಲಾಗುತ್ತದೆ. ಆದರೆ ಇದಕ್ಕೆ ಸಮಯ ಬೇಕು. ಗಂಟೆಗಳಲ್ಲಿ ಆಗುವ ಕೆಲಸವಲ್ಲ, ದಿನಗಳೇ ಬೇಕು. ಆ ಸಮಯ ಕೊಡದೆ ಮೇಲೆ ಮೇಲೆ ಹೋದರೆ ದೇಹ ಮುನಿಯುತ್ತದೆ. ಇದಕ್ಕೆ ಪರ್ವತ ವ್ಯಾಧಿ ಎನ್ನುತ್ತಾರೆ.

ಮೇಷ್ಟ್ರ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಲವಾದ ಕಾಲು, ಬಲವಾದ ಹೃದಯ ನಿಮ್ಮನ್ನು ಬೇಗ ಮೇಲಕ್ಕೆ ಒಯ್ಯುತ್ತವೆಯೇ ಹೊರತು ಪರ್ವತ ವ್ಯಾಧಿಯಿಂದ ಕಾಪಾಡುವುದಿಲ್ಲ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಹುಟ್ಟಿನಿಂದ ಬಂದ ದೇಹಗುಣವನ್ನೂ, ಎಷ್ಟು ವೇಗವಾಗಿ ಏರಿದಿರಿ ಎಂಬುದನ್ನೂ ಅವಲಂಬಿಸಿದೆ. ಮೇಷ್ಟ್ರು ಇಬ್ಬರ ಚೀಲವನ್ನೂ ಹೊತ್ತು ಎಲ್ಲರಿಗಿಂತ ಮುಂದೆ ನಡೆದಿದ್ದರು. ಮಂಡಿನೋವಿನ ಅವರ ಪತ್ನಿ ಹತ್ತು ಹೆಜ್ಜೆಗೊಮ್ಮೆ ಕುಳಿತು ಬಂದಿದ್ದರು. ಹಾಗೆಂದು ನಿಧಾನವಾಗಿ ನಡೆದವರಿಗೆ ಬರುವುದೇ ಇಲ್ಲ ಎಂದಲ್ಲ. ಅವರಿಗೂ ಬರಬಹುದಿತ್ತು. ಬರುವ ಸಂಭವ ಕಡಿಮೆ, ಅಷ್ಟೆ.

ಸೈನಿಕರಿಗಿಂತ ಗಟ್ಟಿಮುಟ್ಟಾದವರು ಯಾರು? 1962ರ ಚೀನಾ ಯುದ್ಧದ ಕಾಲದಲ್ಲಿ ನಮ್ಮ ಸೈನಿಕರನ್ನು ಬಯಲಿನಿಂದ ಹಿಮಾಲಯದ ಗಡಿಗೆ ತರಾತುರಿಯಲ್ಲಿ ಸಾಗಿಸಬೇಕಾಯಿತು. ಅನೇಕರು ಪರ್ವತ ವ್ಯಾಧಿಗೆ ತುತ್ತಾದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂಥ 1,925 ಸೈನಿಕರನ್ನು ಅಭ್ಯಸಿಸಿ 1969ರಲ್ಲಿ ಪ್ರಕಟಿಸಿದ ವರದಿಯನ್ನು ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟದ ವಿಹಾರಧಾಮಗಳಿಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿತ್ತು. ಆ ಜಾಗಗಳ ಎತ್ತರ ಘಾಂಘರಿಯಾಕ್ಕಿಂತ ಕಡಿಮೆಯೇ.

ತಲೆನೋವು ಎಂಬ ಮೊದಲ ಗಂಟೆ

ಹೊಸ ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳೊಳಗೆ ಸಾಮಾನ್ಯವಾಗಿ ಲಕ್ಷಣಗಳು ತೋರುತ್ತವೆ. ಹಗಲು ನಡೆದು ಬಂದವರಿಗೆ ರಾತ್ರಿ ಕಾಣಿಸಿಕೊಳ್ಳುವುದು ಇದರಿಂದಲೇ. ಮುಖ್ಯ ಲಕ್ಷಣ ತಲೆನೋವು. ಅದರ ಜೊತೆಗೆ ಹಸಿವಿಲ್ಲದಿರುವುದು, ಓಕರಿಕೆ, ವಾಂತಿ, ವಿಪರೀತ ಸುಸ್ತು, ತಲೆಸುತ್ತು ಇವುಗಳಲ್ಲಿ ಯಾವುದಾದರೂ ಇರಬಹುದು. ರಾತ್ರಿ ನಿದ್ದೆ ಸರಿಯಾಗಿ ಬಾರದಿರುವುದು, ಆಗಾಗ ಎಚ್ಚರವಾಗುವುದು ಎತ್ತರದಲ್ಲಿ ಬಹಳ ಮಂದಿಗೆ ಆಗುತ್ತದೆ. ಅದೊಂದರಿಂದಲೇ ಗಾಬರಿಯಾಗಬೇಕಿಲ್ಲ.

ನಮ್ಮವರು ಈ ಲಕ್ಷಣಗಳಿಗೆ ಹೇಳುವ ಕಾರಣಗಳು ಹಲವು. "ಬಿಸಿಲಿಗೆ ತಲೆ ಸಿಡಿಯುತ್ತಿದೆ", "ಕಾಫಿ ಸಿಗಲಿಲ್ಲ ಅದಕ್ಕೆ", "ನಿನ್ನೆಯ ಪರಾಠಾ ಒಗ್ಗಲಿಲ್ಲ, ಪಿತ್ತ ಆಗಿದೆ". ಕಣಿವೆಯ ಹೂಗಳ ವಾಸನೆಗೆ ತಲೆ ಸುತ್ತುತ್ತದೆ ಎಂದು ಹೇಳುವವರೂ ಉಂಟು. ಪಾಪ, ಹೂವಿನದು ತಪ್ಪಿಲ್ಲ! ನೀವು ಪಾಲಿಸಬೇಕಾದ ನಿಯಮ ಸರಳವಾದುದು: ಎತ್ತರದ ಜಾಗದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಪರ್ವತ ವ್ಯಾಧಿ ಎಂದೇ ತಿಳಿಯಿರಿ. ತಲೆನೋವು ಇರುವಾಗ ಇನ್ನಷ್ಟು ಮೇಲಕ್ಕೆ ಹೋಗಬೇಡಿ. ಅಲ್ಲೇ ವಿಶ್ರಾಂತಿ ಪಡೆಯಿರಿ, ನೀರು ಕುಡಿಯಿರಿ, ಬೇಕಾದರೆ ಪ್ಯಾರಾಸಿಟಮಾಲ್ ಮಾತ್ರೆ ನುಂಗಿ. ಒಂದೆರಡು ದಿನಗಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಪೂರ್ತಿ ಸರಿಹೋದ ಮೇಲಷ್ಟೇ ಮುಂದಿನ ಮಾತು. ಹೆಚ್ಚಾಗುತ್ತಿದ್ದರೆ ಕೆಳಗಿಳಿಯಿರಿ.

ಪ್ರಾಣಕ್ಕೆ ಕುತ್ತು ತರುವ ಎರಡು ರೂಪಗಳು

ಲಕ್ಷಣಗಳನ್ನು ಕಡೆಗಣಿಸಿ ಏರುತ್ತಲೇ ಹೋದರೆ ಕೆಲವರಲ್ಲಿ ಎರಡು ಗಂಭೀರ ಸ್ಥಿತಿಗಳು ಉಂಟಾಗಬಹುದು.

ಮೊದಲನೆಯದು ಮೆದುಳಿನ ಊತ. ಇಂಥವರು ಕುಡಿದವರಂತೆ ತೂರಾಡುತ್ತಾರೆ. ಮಾತು ತೊದಲುತ್ತದೆ, ಮಂಕು ಕವಿಯುತ್ತದೆ. ಕೇಳಿದ್ದಕ್ಕೆ ಉತ್ತರ ಬೇರೇನೋ ಬರುತ್ತದೆ. ಮನೆಯವರೇ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಸಮತಟ್ಟಾದ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಹೆಬ್ಬೆರಳಿಗೆ ತಾಗುವಂತೆ ಹೆಜ್ಜೆಯಿಟ್ಟು ಆ ಗೆರೆಯ ಮೇಲೆ ನಡೆಯಲು ಹೇಳಿ. ಅಕ್ಕಪಕ್ಕಕ್ಕೆ ವಾಲಿದರೆ ತಡಮಾಡಬೇಡಿ, ರಾತ್ರಿಯಾದರೂ ಸರಿ, ಇಳಿಸಿ.

ಎರಡನೆಯದು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು. ಏರುವಾಗ ಎಲ್ಲರಿಗೂ ಏದುಸಿರು ಬರುತ್ತದೆ, ಅದು ಸಹಜ. ಆದರೆ ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟುತ್ತಿದ್ದರೆ, ಒಣಕೆಮ್ಮು ಬಿಡದಿದ್ದರೆ, ತುಟಿ ಉಗುರು ನೀಲಿಯಾದರೆ, ಕೆಮ್ಮಿದಾಗ ನೊರೆ ನೊರೆಯಾಗಿ ಗುಲಾಬಿ ಬಣ್ಣದ ಕಫ ಬಂದರೆ ಅದು ಅಪಾಯದ ಕರೆ. ಇದಕ್ಕೆ ಮೊದಲು ತಲೆನೋವು ಬಂದೇ ಬರಬೇಕೆಂದೂ ಇಲ್ಲ. ಮಳೆಯಲ್ಲಿ ನೆಂದು ನ್ಯುಮೋನಿಯಾ ಆಗಿರಬೇಕು ಎಂದು ಲಾಡ್ಜಿನಲ್ಲಿ ಮಲಗಿಸಿಬಿಡುವುದು ದೊಡ್ಡ ತಪ್ಪು.

ಇಳಿಯುವುದೇ ಮೊದಲ ಔಷಧ

ಈ ಎರಡೂ ಸ್ಥಿತಿಗಳಿಗೆ ಆಮ್ಲಜನಕ ಮತ್ತು ಕೆಲವು ಔಷಧಗಳುಂಟು. ಅವು ಸಿಕ್ಕರೆ ಒಳ್ಳೆಯದೇ. ಆದರೆ ಎಲ್ಲಕ್ಕಿಂತ ದೊಡ್ಡ ಔಷಧ ಇಳಿಯುವುದು. 300ರಿಂದ 1,000 ಮೀಟರ್ ಇಳಿದರೆ ಸಾಮಾನ್ಯವಾಗಿ ಚೇತರಿಕೆ ಕಾಣುತ್ತದೆ. ಈ ವಿಷಯದಲ್ಲಿ ಹೂವಿನ ಕಣಿವೆಗೆ ಹೋಗುವವರು ಅದೃಷ್ಟವಂತರು. ಘಾಂಘರಿಯಾದಿಂದ ಗೋವಿಂದಘಾಟ್‌ಗೆ ಇಳಿದರೆ ಸುಮಾರು 1,200 ಮೀಟರ್ ಕೆಳಗೆ ಬಂದಂತೆ. ಬೆಟ್ಟ ಹತ್ತಿ ಇಳಿಯುವ ದಾರಿಯಲ್ಲ, ಒಂದೇ ಸಮನೆ ಇಳಿಜಾರು.

ಕಾಯಿಲೆಯಾದವರನ್ನು ಒಂಟಿಯಾಗಿ ಕಳಿಸಬೇಡಿ. "ನೀವು ಕಣಿವೆ ನೋಡಿ ಬನ್ನಿ, ನಾನು ಮೆಲ್ಲಗೆ ಇಳಿಯುತ್ತೇನೆ" ಎಂದು ಅವರೇ ಹೇಳಿದರೂ ಒಪ್ಪಬೇಡಿ. ಉಸಿರಿಗೆ ತೊಂದರೆಯಾದವರನ್ನು ನಡೆಸದೆ ಹೊತ್ತು ಇಳಿಸುವುದು ಲೇಸು. ಮಂಕು ಕವಿದವರನ್ನು ಹೇಸರಗತ್ತೆಯ ಬೆನ್ನ ಮೇಲೆ ಕೂರಿಸಿದರೆ ಬೀಳುವ ಭಯವಿದೆ, ಅವರಿಗೆ ಡೋಲಿಯೇ ಸರಿ.

ಕೊರೊನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಅನೇಕ ಮನೆಗಳಲ್ಲಿದೆ. ಅದನ್ನು ಒಯ್ಯುವವರು ಒಂದು ಮಾತು ತಿಳಿದಿರಬೇಕು. ಮನೆಯಲ್ಲಿ 97 ತೋರಿಸುತ್ತಿದ್ದ ಯಂತ್ರ 3,000 ಮೀಟರ್ ಎತ್ತರದಲ್ಲಿ 90ರ ಆಸುಪಾಸು ತೋರಿಸುವುದು ಸಾಮಾನ್ಯ. ಬೆರಳು ತಣ್ಣಗಿದ್ದರೆ ತಪ್ಪು ಅಂಕಿಯನ್ನೂ ತೋರಿಸಬಹುದು. ಅಂಕಿ ನೋಡಿ ಹೆದರಬೇಡಿ. ಅಂಕಿ ಚೆನ್ನಾಗಿದೆ ಎಂದು ತಲೆನೋವು, ತೂರಾಟಗಳನ್ನು ಅಲಕ್ಷಿಸಲೂ ಬೇಡಿ.

ಪ್ರವಾಸದ ದಿನಗಳನ್ನು ಹೀಗೆ ಹೊಂದಿಸಿ

ಹರಿದ್ವಾರ, ಋಷಿಕೇಶಗಳು ಬಯಲಿನ ಅಂಚಿನಲ್ಲಿರುವ ಊರುಗಳು. ಅಲ್ಲಿಂದ ಒಂದೇ ಉಸಿರಿಗೆ ಮೇಲೇರುವ ಬದಲು ಜೋಶಿಮಠದಲ್ಲೋ ಅದರ ಆಸುಪಾಸಿನಲ್ಲೋ ಎರಡು ರಾತ್ರಿ ಕಳೆಯಿರಿ. ಮೂರನೆಯ ದಿನ ಘಾಂಘರಿಯಾಕ್ಕೆ ನಡೆಯಿರಿ. ಗೋವಿಂದಘಾಟ್‌ನಿಂದ ಪುಲ್ನಾವರೆಗೆ ವಾಹನ ಹೋಗುತ್ತದೆ, ನಂತರ ಸುಮಾರು ಹತ್ತು ಕಿಲೋಮೀಟರ್ ಕಾಲುದಾರಿ. ನಾಲ್ಕನೆಯ ದಿನ ಹೂವಿನ ಕಣಿವೆ ನೋಡಿ ರಾತ್ರಿ ಮತ್ತೆ ಘಾಂಘರಿಯಾಕ್ಕೆ ಮರಳಿ. ಕಣಿವೆಯೊಳಗೆ ತಂಗಲು ಹೇಗೂ ಅನುಮತಿಯಿಲ್ಲ. ಹಗಲು ಸ್ವಲ್ಪ ಎತ್ತರಕ್ಕೆ ಹೋಗಿ, ರಾತ್ರಿ ಕೆಳಗೆ ಮಲಗುವುದು ದೇಹ ಹೊಂದಿಕೊಳ್ಳಲು ಒಳ್ಳೆಯ ಉಪಾಯ. ಐದನೆಯ ದಿನ, ಮನೆಯವರಲ್ಲಿ ಯಾರಿಗೂ ತಲೆನೋವಿಲ್ಲ ಎಂದಾದರೆ ಮಾತ್ರ ಹೇಮಕುಂಡ. ಮೇಷ್ಟ್ರು ಮಾಡಿದ ತಪ್ಪೆಂದರೆ ಈ ಕ್ರಮವನ್ನು ತಿರುಗುಮುರುಗು ಮಾಡಿ, ಘಾಂಘರಿಯಾದ ಮೊದಲ ರಾತ್ರಿ ಕಳೆದ ಬೆಳಿಗ್ಗೆಯೇ ಹೇಮಕುಂಡಕ್ಕೆ ಹೊರಟದ್ದು.

ಇದಕ್ಕೂ ಎತ್ತರದ ಚಾರಣಗಳಿಗೆ ಹೋಗುವವರಿಗೆ ಒಂದು ಸಾಮಾನ್ಯ ಸೂತ್ರವಿದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು.

ಪ್ರವಾಸದ ಕೊನೆಗೆ ಕನಿಷ್ಠ ಒಂದು ದಿನ ಖಾಲಿ ಬಿಡಿ. ಮಳೆಗಾಲದಲ್ಲಿ ಆ ದಾರಿಗಳಲ್ಲಿ ಗುಡ್ಡ ಕುಸಿಯುವುದು ಹೊಸದೇನಲ್ಲ. ರೈಲು, ವಿಮಾನ ತಪ್ಪುತ್ತದೆ ಎಂಬ ಆತಂಕವಿದ್ದರೆ ತಲೆನೋವಿದ್ದರೂ ಏರಿಬಿಡೋಣ ಎನಿಸುತ್ತದೆ.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ಹೃದಯಾಘಾತ ಆದವರು, ನಡೆದರೆ ಎದೆನೋವು ಬರುವವರು, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು, ಹಿಂದೆ ಒಮ್ಮೆ ಪರ್ವತ ವ್ಯಾಧಿ ಬಂದಿದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಗರ್ಭಿಣಿಯರು ಈ ಪ್ರವಾಸವನ್ನು ಮುಂದೂಡುವುದೇ ಉತ್ತಮ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಿದ್ದರೆ ಎತ್ತರದಲ್ಲಿ ಹೆಚ್ಚು ಬಳಲುತ್ತಾರೆ. ಎರಡು ತಿಂಗಳ ಮೊದಲೇ ರಕ್ತ ಪರೀಕ್ಷೆ ಮಾಡಿಸಿದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಸಕ್ಕರೆ ಕಾಯಿಲೆಯವರು ಹೋಗಬಾರದೆಂದಿಲ್ಲ. ಆದರೆ ಬೆಟ್ಟ ಹತ್ತುವ ದಿನ ಸಕ್ಕರೆ ಕುಸಿಯಬಹುದು. ಮಾತ್ರೆ, ಇನ್ಸುಲಿನ್ ಪ್ರಮಾಣದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಜೇಬಿನಲ್ಲಿ ಸಕ್ಕರೆ, ಬೆಲ್ಲ ಇರಲಿ. ಪ್ರತಿ ರಾತ್ರಿ ಪಾದಗಳನ್ನು ನೋಡಿಕೊಳ್ಳಿ. ಆಸ್ತಮಾ ಇದ್ದವರು ಇನ್‌ಹೇಲರನ್ನು ಹೇಸರಗತ್ತೆಯ ಮೇಲಿನ ಚೀಲದಲ್ಲಿ ಹಾಕದೆ ಮೈಮೇಲೇ ಇಟ್ಟುಕೊಳ್ಳಬೇಕು.

ಚಿಕ್ಕಮಕ್ಕಳು ತಲೆನೋವೆಂದು ಬಾಯಿಬಿಟ್ಟು ಹೇಳಲಾರರು. ಆಟ ಬಿಟ್ಟು ಮಂಕಾಗುವುದು, ವಿನಾಕಾರಣ ರಚ್ಚೆ ಹಿಡಿಯುವುದು, ಊಟ ಬೇಡವೆನ್ನುವುದು, ವಾಂತಿ ಇವೇ ಅವರ ಭಾಷೆ. ಹಠ ಮಾಡುತ್ತಿದೆ ಎಂದು ಗದರಿಸುವ ಮೊದಲು ಯೋಚಿಸಿ.

ಪರ್ವತ ವ್ಯಾಧಿ ಬಾರದಂತೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ವೈದ್ಯರು ಕೆಲವರಿಗೆ ಕೊಡುತ್ತಾರೆ. ಎತ್ತರಕ್ಕೆ ಏರುವ ಹಿಂದಿನ ದಿನದಿಂದಲೇ ಆರಂಭಿಸಬೇಕು. ಬೆರಳ ತುದಿ ಜುಮುಗುಟ್ಟುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಸಾಮಾನ್ಯ ಪರಿಣಾಮಗಳು. ಸಲ್ಫಾ ಔಷಧ ಒಗ್ಗದವರು ಆ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪಕ್ಕದ ಮನೆಯವರು ನುಂಗಿದರೆಂದು ನೀವೂ ಅಂಗಡಿಯಿಂದ ತಂದು ನುಂಗಬೇಡಿ. ಎತ್ತರದಲ್ಲಿ ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ಎರಡೂ ಉಸಿರಾಟವನ್ನು ಕುಗ್ಗಿಸಬಲ್ಲವು.

ಎರಡು ತಿಂಗಳ ತಯಾರಿ

ದೇಹದಾರ್ಢ್ಯ ಪರ್ವತ ವ್ಯಾಧಿಯನ್ನು ತಡೆಯದು ಎಂದಮೇಲೆ ವ್ಯಾಯಾಮವೇಕೆ ಎನ್ನಬೇಡಿ. ಕಾಲು ಸೋಲದಿರಲು, ಜಾರದಿರಲು, ಪ್ರವಾಸವನ್ನು ಸವಿಯಲು ತಯಾರಿ ಬೇಕೇ ಬೇಕು. ದಿನಕ್ಕೆ ಅರ್ಧ ಗಂಟೆಯ ನಡಿಗೆಯಿಂದ ಆರಂಭಿಸಿ ಮೆಲ್ಲಗೆ ಒಂದೂವರೆ ಗಂಟೆಗೆ ಏರಿಸಿ. ವಾರಕ್ಕೆರಡು ದಿನ ಮೆಟ್ಟಿಲು. ತಿಂಗಳಿಗೊಮ್ಮೆ ಹತ್ತಿರದ ಬೆಟ್ಟ. ಶಿವಗಂಗೆ, ನಂದಿ, ಮುಳ್ಳಯ್ಯನಗಿರಿ ಯಾವುದಾದರೂ ಸರಿ.

ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಅಭ್ಯಾಸವಿಲ್ಲದಿದ್ದರೆ ಮರುದಿನ ಕಾಲು ಕಂಬವಾಗುತ್ತದೆ. ಹಾಗಾಗಿ ಬೆಟ್ಟ ಹತ್ತಿ ಬಸ್ಸಿನಲ್ಲಿ ಇಳಿಯಬೇಡಿ, ನಡೆದೇ ಇಳಿಯಿರಿ. ಹಿಮಾಲಯದಲ್ಲಿ ಕೈಯಲ್ಲೊಂದು ಕೋಲಿರಲಿ. ಇಳಿಯುವಾಗ ಅದು ಮೂರನೆಯ ಕಾಲು. ಶೂಗಳನ್ನು ಹೊರಡುವ ಮುನ್ನಾದಿನ ಕೊಂಡು ಬೊಬ್ಬೆ ಎಬ್ಬಿಸಿಕೊಳ್ಳದೆ, ತಿಂಗಳ ಮೊದಲೇ ಕೊಂಡು ಹಾಕಿ ಪಳಗಿಸಿ.

ಎತ್ತರದಲ್ಲಿ ಹಸಿವು ಕುಗ್ಗುತ್ತದೆ. ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಿ. ನಮ್ಮ ರಾಗಿ ಹುರಿಹಿಟ್ಟು, ಕಡಲೆಕಾಯಿ ಚಿಕ್ಕಿ, ಒಣದ್ರಾಕ್ಷಿ, ಒಗ್ಗರಣೆ ಅವಲಕ್ಕಿ ಚೀಲದಲ್ಲಿರಲಿ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲದು ಎಂದರ್ಥ. ಹಾಗೆಂದು ಬಿಂದಿಗೆಗಟ್ಟಲೆ ಕುಡಿದರೆ ಪರ್ವತ ವ್ಯಾಧಿ ಬಾರದು ಎಂಬುದು ತಪ್ಪು ನಂಬಿಕೆ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡಿ.

ಮಳೆ, ಚಳಿಯ ಮರ್ಮ

2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಲುಕಿ ಕರ್ನಾಟಕದ 9 ಮಂದಿ ಮೃತಪಟ್ಟರು. ಅವರಲ್ಲಿ ಅನುಭವಸ್ಥ ಚಾರಣಿಗರೂ ಇದ್ದರು. ಜೂನ್ ತಿಂಗಳೆಂದರೆ ಬೇಸಿಗೆ ಎಂಬ ಭರವಸೆ ಆ ಎತ್ತರದಲ್ಲಿ ಸಾಲದು ಎಂಬುದನ್ನು ನಾವು ಮರೆಯಬಾರದು.

ಒದ್ದೆ ಮೈ ಮತ್ತು ಗಾಳಿ ಸೇರಿದರೆ ಹಿಮ ಬೀಳದಿದ್ದರೂ ದೇಹದ ಶಾಖ ಕುಸಿಯುತ್ತದೆ. ಮೊದಲು ನಡುಕ. ಆಮೇಲೆ ಕೈಬೆರಳು ಗುಂಡಿ ಹಾಕಲೂ ಬಾರದಂತಾಗುತ್ತವೆ, ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಶಾಖ ಸಿಗದೆಯೇ ನಡುಕ ನಿಂತುಹೋದರೆ ಸುಧಾರಿಸಿತೆಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಇಂಥವರನ್ನು ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ, ಕಂಬಳಿ ಹೊದಿಸಿ. ಎಚ್ಚರವಾಗಿದ್ದರೆ ಬಿಸಿಯಾದ, ಸಿಹಿಯಾದ ಪಾನೀಯ ಕೊಡಿ. ಬ್ರಾಂದಿ ಕೊಡುವುದು ಅಪಾಯ. ಅದು ಇರುವ ಶಾಖವನ್ನೂ ಹೊರಕ್ಕೆ ಕಳೆಯುತ್ತದೆ.

ಹತ್ತಿ ಬಟ್ಟೆ, ಜೀನ್ಸ್ ನೆಂದರೆ ಬೇಗ ಒಣಗವು. ಒಳಗೆ ಬೇಗ ಒಣಗುವ ಬಟ್ಟೆ, ಮೇಲೆ ಉಣ್ಣೆಯ ಸ್ವೆಟರ್, ಅದರ ಮೇಲೆ ಗಟ್ಟಿ ರೇನ್‌ಕೋಟ್ ಇರಲಿ. ಒಂದು ಜೊತೆ ಒಣಬಟ್ಟೆ, ಕಾಲುಚೀಲಗಳನ್ನು ನೀರು ಸೇರದಂತೆ ಕಟ್ಟಿಡಿ. ಎತ್ತರದ ಬಿಸಿಲು ತಂಪಾಗಿ ಕಂಡರೂ ಚರ್ಮವನ್ನು ಸುಡುತ್ತದೆ, ಟೋಪಿ ಮತ್ತು ತಂಪು ಕನ್ನಡಕ ಮರೆಯಬೇಡಿ.

ಹೂಗಳ ನಡುವೆ

ಕಣಿವೆಯಲ್ಲಿ ನೀಲಿ ಪಾಪ್ಪಿ, ಕಡುಗೆಂಪು ಪೊಟೆಂಟಿಲ್ಲಾ, ಮಂಡಿಯುದ್ದ ಬೆಳೆದ ಕರ್ಣಕುಂಡಲದ ಜಾತಿಯ ಗುಲಾಬಿ ಹೂಗಳು ಕಾಣಸಿಗುತ್ತವೆ. ಇವುಗಳ ನಡುವೆಯೇ ನೀಲಿ ಟೊಪ್ಪಿಗೆಯ ಆಕಾರದ ಹೂ ಬಿಡುವ ವತ್ಸನಾಭಿಯ ಜಾತಿಗಳೂ ಇವೆ. ಆಯುರ್ವೇದದಲ್ಲಿ ಶುದ್ಧಿ ಮಾಡದೆ ಬಳಸಬಾರದೆಂದು ಹೇಳಿರುವ ಕಡು ವಿಷ ಅದು. ಬಿಳಿ ಛತ್ರಿಯಂಥ ಹೂಗೊಂಚಲಿನ ಕೆಲವು ಗಿಡಗಳ ರಸ ತಾಗಿ ಬಿಸಿಲು ಬಿದ್ದರೆ ಚರ್ಮ ಬೊಬ್ಬೆಯೇಳುತ್ತದೆ. ಕಾಲುದಾರಿಯ ಬದಿಯಲ್ಲಿ ಮುಟ್ಟಿದರೆ ಉರಿಯುವ ತುರಿಕೆ ಗಿಡಗಳಿವೆ. ಆದ್ದರಿಂದ ಮಕ್ಕಳಿಗೆ ಒಂದೇ ಮಾತು ಹೇಳಿಕೊಡಿ: ಕಣ್ಣಿನಿಂದ ನೋಡು, ಕೈಯಿಂದ ಮುಟ್ಟಬೇಡ, ಬಾಯಿಗೆ ಇಡಲೇಬೇಡ. ಹೂ ಕೀಳುವುದು ಕಾನೂನಿಗೂ ವಿರುದ್ಧ.

ದಾರಿ ಬಿಟ್ಟು ಇಳಿಜಾರಿಗೆ ಕಾಲಿಡಬೇಡಿ. 1939ರಲ್ಲಿ ಇಲ್ಲಿಗೆ ಬಂದಿದ್ದ ಸಸ್ಯಶಾಸ್ತ್ರಜ್ಞೆ ಜೋನ್ ಮಾರ್ಗರೆಟ್ ಲೆಗ್ ಹೂಗಳನ್ನು ಸಂಗ್ರಹಿಸುತ್ತಿದ್ದಾಗ ಜಾರಿ ಬಿದ್ದು ಪ್ರಾಣ ಕಳೆದುಕೊಂಡರು. ಅವರ ಸಮಾಧಿ ಕಣಿವೆಯಲ್ಲೇ ಇದೆ.

ನೆನಪಿಡಿ

1. ಎತ್ತರದಲ್ಲಿ ತಲೆನೋವು ಬಂದರೆ ಅದು ಪರ್ವತ ವ್ಯಾಧಿ ಎಂದೇ ತಿಳಿಯಿರಿ, ಜೊತೆಯವರಿಗೆ ಹೇಳಿ.
2. ಲಕ್ಷಣಗಳಿರುವಾಗ ಇನ್ನೂ ಎತ್ತರಕ್ಕೆ ಹೋಗಿ ಮಲಗಬೇಡಿ.
3. ಹೆಚ್ಚಾಗುತ್ತಿದ್ದರೆ, ತೂರಾಟವಿದ್ದರೆ, ಕುಳಿತಲ್ಲೇ ಉಸಿರು ಕಟ್ಟಿದರೆ ಕೂಡಲೇ ಕೆಳಗಿಳಿಸಿ.
4. ಕಾಯಿಲೆಯಾದವರನ್ನು ಒಂಟಿಯಾಗಿ ಬಿಡಬೇಡಿ.
5. ಪ್ರತಿ ರಾತ್ರಿ ಊಟದ ಹೊತ್ತಿಗೆ ಮನೆಯ ಪ್ರತಿಯೊಬ್ಬರನ್ನೂ ಕೇಳಿ: ತಲೆನೋವಿದೆಯೇ? ಊಟ ಸೇರಿತೇ?

ಈ ಐದನೆಯ ಮಾತು ಎಲ್ಲಕ್ಕಿಂತ ಮುಖ್ಯ. ಮೇಷ್ಟ್ರು ತಲೆನೋವನ್ನು ಏಕೆ ಮುಚ್ಚಿಟ್ಟರು ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳಿಗೆ ಬ್ರಹ್ಮಕಮಲ ನೋಡಬೇಕಿತ್ತು" ಎಂದರು. ಅವರ ಮನೆಯಂಗಳದ ಕುಂಡದಲ್ಲಿ ಪತ್ನಿ ಬ್ರಹ್ಮಕಮಲ ಬೆಳೆಸಿದ್ದಾರೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಆ ಹೂವು ಅಮೆರಿಕ ಖಂಡದಿಂದ ಬಂದ ಒಂದು ಕಳ್ಳಿ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಸಸ್ಯ, ಹೇಮಕುಂಡದ ಆಸುಪಾಸಿನ ಎತ್ತರದಲ್ಲಿ ಬಂಡೆಗಳ ನಡುವೆ ಅರಳುತ್ತದೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದು ಆಕೆಯ ಬಹುದಿನದ ಆಸೆ. ತನ್ನಿಂದ ಅದು ತಪ್ಪಬಾರದೆಂದು ಮೇಷ್ಟ್ರು ಬಾಯಿ ಬಿಟ್ಟಿರಲಿಲ್ಲ.

ಆಕೆ ಗಂಡನ ಕಡೆ ನೋಡದೆಯೇ ನನಗೆ ಹೇಳಿದರು: "ಹೂವು ಮುಂದಿನ ವರ್ಷವೂ ಬಿಡುತ್ತೆ ಡಾಕ್ಟ್ರೇ. ಇವರು ಒಂದು ಮಾತು ಹೇಳಿದ್ದರೆ ಸಾಕಿತ್ತು."

ಈ ಬಾರಿ ಮೇಷ್ಟ್ರು ಮತ್ತೆ ಹೊರಡುವವರಿದ್ದಾರೆ. ಒಮ್ಮೆ ಪರ್ವತ ವ್ಯಾಧಿ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಆದ್ದರಿಂದ ಮೊದಲೇ ಬಂದು ತೋರಿಸಿಕೊಂಡು ಹೋಗಿದ್ದಾರೆ. ಪ್ರವಾಸಕ್ಕೆ ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದಾರೆ. ಚೀಲಗಳನ್ನು ಹೊರಲು ಕೂಲಿಯವರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮುಂದೆ ನಡೆಯುವವರು ಈ ಸಲ ಮೇಷ್ಟ್ರಲ್ಲ. ಮಂಡಿನೋವಿನ ಪತ್ನಿ ಮುಂದೆ, ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಇವರು ಹಿಂದೆ. ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ್ದು ಬೆಟ್ಟ ಹತ್ತುವವರಿಗೆ ಚೆನ್ನಾಗಿಯೇ ಒಪ್ಪುತ್ತದೆ.